ಮೊದಲ ದೋಸೆ ಲೆಕ್ಕಕ್ಕಿಲ್ಲ

ನಾಯಿಗೂ ಸೊಂಟ ಇರಬೇಕು ಎಂಬ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನದಿಂದ ನನಗೆ ನೆಮ್ಮದಿಯಿಲ್ಲ.

ಹಾಗೆ ನೋಡಿದರೆ ಇನ್ನಂಜೆಯ ನಮ್ಮ ಮನೆಯಲ್ಲಿ ಸೊಂಟದ ಮಾತು ಹೊಸದಲ್ಲ. ಮಳೆ ಹಿಡಿದರೆ ಅತ್ತೆಯ ಸೊಂಟ ಮಾತಾಡುತ್ತದೆ. ಕಾರ್ಕಳದ ಕಡೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಕಲಿಸುವ ನಮ್ಮವರ ಸೊಂಟ, ದಿನವೂ ಕಾರಿನಲ್ಲಿ ಕೂತು ಹೋಗಿ ಬಂದು, ಮಳೆ ಬಿಸಿಲೆನ್ನದೆ ಮಾತಾಡುತ್ತದೆ. ನನ್ನದು ಮಾತ್ರ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿತ್ತು. (ಒಂದು ಮನೆಯೆಂದ ಮೇಲೆ ಒಂದಾದರೂ ಸೊಂಟ ಕೆಲಸ ಮಾಡಬೇಕಲ್ಲ.) ಹೀಗಿರುವಾಗ ನಾಲ್ಕನೆಯ ಸೊಂಟವೊಂದು ನಮ್ಮ ಸಂಸಾರದ ಚಿಂತೆಗೆ ಬಂದು ಸೇರಿತು. ಅದು ಕೈಸರನದ್ದು.

ಕೈಸರ್ ನಮ್ಮ ನಾಯಿ. ಮನೆ ಕಾಯುವುದಕ್ಕೆ ಒಂದು ಜರ್ಮನ್ ನಾಯಿ ಬೇಕೆಂದು ನಮ್ಮವರು ನಿಟ್ಟೆಯ ಪರಿಚಯದವರೊಬ್ಬರಿಗೆ ಫೋನಿನಲ್ಲಿ ಹೇಳಿದ್ದರು. ಯಾವ ಜರ್ಮನ್, ಎಷ್ಟು ಎತ್ತರದ ಜರ್ಮನ್ ಎಂದು ಹೇಳಲು ಮರೆತರು. ಬಂದದ್ದು ಚಪ್ಪಲಿಯ ಪೆಟ್ಟಿಗೆಯಲ್ಲಿ. ಜರ್ಮನಿಯದ್ದೇ ಹೌದು, ಸುಳ್ಳಲ್ಲ, ಆದರೆ ಡ್ಯಾಶ್‌ಹಂಡ್. ಮೈ ಒಂದು ಮೊಳ, ಕಾಲು ಒಂದು ಬೆರಳು.

"ಕಾಲು ಆಮೇಲೆ ಬೆಳೀತದೆ," ಎಂದರು ನಮ್ಮವರು.

ಎಂಜಿನಿಯರಿಂಗ್ ಕಲಿತವರು ಹೇಳಿದ ಮೇಲೆ ನಂಬದಿರುವುದು ಹೇಗೆ? ನಾವೆಲ್ಲ ಭಕ್ತಿಯಿಂದ ಕಾಲಿಗಾಗಿ ಕಾದೆವು. ಮೈ ಬೆಳೆಯಿತು, ಕಿವಿ ಬೆಳೆಯಿತು, ಗಂಟಲಂತೂ ಕಾಪು ದೀಪಸ್ತಂಭದವರೆಗೆ ಕೇಳುವಷ್ಟು ಬೆಳೆಯಿತು. ಕಾಲು ಮಾತ್ರ ಇದ್ದಲ್ಲೇ ಇತ್ತು. ಜರ್ಮನ್ ಚಕ್ರವರ್ತಿಗೆ ಒಪ್ಪುವ ಹೆಸರನ್ನು ಮೊದಲೇ ಇಟ್ಟಾಗಿತ್ತು. ಅತ್ತೆ ಅದನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡು ಕೇಸರಿ ಮಾಡಿದರು.

ಅತ್ತೆಯದು ಒಂದೇ ಕಾನೂನು: ನಾಯಿ ಅಡುಗೆಮನೆಯ ಹೊಸ್ತಿಲು ದಾಟಬಾರದು. ಕೈಸರ್ ಕಾನೂನಿಗೆ ತಲೆಬಾಗುವವನು. ಎರಡೂ ಹಿಂಗಾಲುಗಳನ್ನು ಹೊಸ್ತಿಲಿನ ಆಚೆಗೆ ಇಟ್ಟು, ಉಳಿದ ಮೈಯನ್ನು ಮಾತ್ರ ಈಚೆಗೆ ಚಾಚಿ ಮಲಗುತ್ತಾನೆ. ನಾನು ದೋಸೆ ಹೊಯ್ಯುವ ಹೊತ್ತಿಗೆ ಅವನ ಮೂತಿ ನನ್ನ ಕಾಲಿನ ಬುಡದಲ್ಲಿರುತ್ತದೆ. "ಅವನೆಲ್ಲಿ ದಾಟಿದ್ದಾನೆ ಅತ್ತೆ? ಹಿಂಗಾಲು ಅಲ್ಲೇ ಉಂಟು ನೋಡಿ," ಎಂದು ನಾನು ವಾದಿಸುತ್ತೇನೆ. ಇಷ್ಟು ಉದ್ದದ ಪ್ರಾಣಿ ಹುಟ್ಟಬಹುದೆಂದು ಆ ಕಾನೂನು ಮಾಡಿದವರಿಗೆ ಹೊಳೆದಿರಲಿಲ್ಲ.

ಅದೊಂದು ಬೆಳಿಗ್ಗೆ ಬೆಕ್ಕನ್ನು ಕಂಡು ಜಗಲಿಯಿಂದ ಅಂಗಳಕ್ಕೆ ಹಾರಿದವನು ಕೂಗಿಕೊಂಡ. ಅದು ಅವನ ದಿನದ ಬೊಗಳುವಿಕೆಯಾಗಿರಲಿಲ್ಲ. ತೆಂಗಿನಕಾಯಿ ತುರಿಯುತ್ತಿದ್ದವಳು ಕೈಯಲ್ಲಿ ಕಾಯಿಗಡಿಯ ಹೋಳನ್ನು ಹಿಡಿದುಕೊಂಡೇ ಓಡಿದೆ. ಅವನು ಮುಂಗಾಲಿನಲ್ಲಿ ಎದ್ದು ನಿಂತಿದ್ದ, ಹಿಂಗಾಲು ಏಳುತ್ತಿರಲಿಲ್ಲ. ನನ್ನ ಕಡೆಗೆ ಬರಲು ನೋಡಿದ. ಹಿಂದಿನ ಅರ್ಧ ನೆಲದಲ್ಲಿ ಎಳೆದುಕೊಂಡು ಬಂತು, ಬೇರೆ ಯಾರದೋ ಮೈಯ ಹಾಗೆ.

ಅಂಗಳದಲ್ಲೇ ಕೂತುಬಿಟ್ಟೆ.

ಕಾಪುವಿನ ಪಶುವೈದ್ಯ ಕಾರ್ಲ್ಟನ್ ಡಾಕ್ಟರ ಕ್ಲಿನಿಕ್ಕಿಗೆ ಮುಟ್ಟುವ ಹೊತ್ತಿಗೆ ಹಿಂಗಾಲುಗಳಿಗೆ ಸ್ವಲ್ಪ ಜೀವ ಬಂದಿತ್ತು. ಡಾಕ್ಟರು ಬೆನ್ನು ಒತ್ತಿ ನೋಡಿದರು, ಪಾದ ಮಡಚಿ ನೋಡಿದರು, ತೂಕ ನೋಡಬೇಕೆಂದರು. ತಕ್ಕಡಿಯ ಮೇಲೆ ಕೈಸರ್ ನಿಲ್ಲುವುದಿಲ್ಲ.

"ಹಾಗಾದ್ರೆ ಯಾರಾದ್ರೂ ಒಬ್ರು ಮೊದಲು ಒಬ್ರೇ ನಿಲ್ಲಿ. ಮತ್ತೆ ನಾಯಿ ಎತ್ತಿಕೊಂಡು ನಿಲ್ಲಿ. ಕಳೆದ್ರೆ ನಾಯಿ."

ನಾನು ನಮ್ಮವರ ಮುಖ ನೋಡಿದೆ. ಅವರು ಕಾರಿನ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನೇ ಹತ್ತಿದೆ. ಕ್ಲಿನಿಕ್ಕಿನ ಸಹಾಯಕಿ ನನ್ನ ತೂಕವನ್ನು ಉಚ್ಚಿಲದ ಮೀನು ಏಲಂನವರ ಗಂಟಲಲ್ಲಿ ಕೂಗಿ ಹೇಳಿದಳು. ಬೆಕ್ಕು ಹಿಡಿದುಕೊಂಡು ಕೂತವರು, ಮೊಲ ಹಿಡಿದುಕೊಂಡು ಕೂತವರು, ಎಲ್ಲರೂ ತಲೆಯೆತ್ತಿ ನೋಡಿದರು. ಮೊಲವೂ ನೋಡಿತು.

"ಒಂಬತ್ತು ಕಿಲೋ ಇರಬೇಕಾದ ನಾಯಿ, ಹನ್ನೆರಡರ ಮೇಲೆ ಉಂಟು," ಎಂದರು ಡಾಕ್ಟರು. "ಅಕ್ಕ, ಒಂದೊಂದು ನಾಯಿಗೆ ಒಂದೊಂದು ಮೈಕಟ್ಟು. ಮೂತಿ ಚಪ್ಪಟೆ ಇದ್ದದ್ದಕ್ಕೆ ಉಸಿರಿನ ಕಷ್ಟ. ದೊಡ್ಡ ಮೈಯದ್ದಕ್ಕೆ ತೊಡೆಯ ಕೀಲಿನ ಕಷ್ಟ. ನಿಮ್ಮದು ಸಂಕ."

"ಸಂಕವಾ?"

"ತೋಡಿಗೆ ಅಡ್ಡ ಹಾಕ್ತೇವಲ್ಲ, ಆ ಸಂಕ. ಆಚೆ ಎರಡು ಕಂಬ, ಈಚೆ ಎರಡು ಕಂಬ. ನಡುವೆ ಎಂತ ಇಲ್ಲ. ನಡುವೆ ಭಾರ ಹಾಕ್ತಾ ಹೋದ್ರೆ ಎಂತ ಆಗ್ತದೆ?"

"ಬಗ್ತದೆ."

"ಮತ್ತೆ?"

ನಾನು ಕೈಸರನನ್ನು ಎದೆಗೆ ಒತ್ತಿಕೊಂಡೆ.

"ಈ ಸಲ ನರ ಸ್ವಲ್ಪ ಒತ್ತಿದೆ ಅಷ್ಟೇ. ಔಷಧಿಗೆ ಸರಿಯಾಗ್ತದೆ. ಇನ್ನೊಂದು ಸಲ ಆದ್ರೆ ಹಿಂಗಾಲು ಹೋಗಲೂಬಹುದು. ತೂಕ ಇಳೀಬೇಕು. ಕೈ ಇಟ್ರೆ ಪಕ್ಕೆಲುಬು ಸಿಗಬೇಕು. ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು. ಹಾರಬಾರದು, ಮೆಟ್ಟಿಲು ಹತ್ತಿ ಇಳಿಯಬಾರದು. ಎದೆಯ ಕೆಳಗೊಂದು ಕೈ, ಹಿಂದೊಂದು ಕೈ ಕೊಟ್ಟು ಎತ್ತಬೇಕು."

"ಎತ್ತಬೇಕು," ಎಂದು ನಮ್ಮವರು ಗಂಭೀರವಾಗಿ ತಲೆಯಾಡಿಸಿದರು.

ಗುಡಿಸಬೇಕು, ಒಗೆಯಬೇಕು, ಕಾಯಿಸಬೇಕು, ಎತ್ತಬೇಕು. ನಮ್ಮ ಮನೆಯಲ್ಲಿ ಇಂಥ ಮಾತುಗಳನ್ನು ಯಾರಿಗೂ ಹೇಳಿರುವುದಿಲ್ಲ. ಗಾಳಿಯಲ್ಲಿ ಬಿಟ್ಟಿರುತ್ತಾರೆ. ಅವು ಸ್ವಲ್ಪ ಹೊತ್ತು ಚಾವಡಿಯಲ್ಲಿ ಸುತ್ತಾಡಿ, ತಾವಾಗಿ ಬಂದು ನನ್ನ ಹೆಗಲ ಮೇಲೆ ಕೂರುತ್ತವೆ.

ಆ ಸಂಜೆ ಕೈಸರನನ್ನು ಚಾವಡಿಯ ನಡುವೆ ನಿಲ್ಲಿಸಿ, ಸೊಂಟ ಹುಡುಕಲು ಮನೆಮಂದಿಯೆಲ್ಲ ಸುತ್ತ ನಿಂತೆವು. ಅತ್ತೆ ಕನ್ನಡಕ ತರಿಸಿಕೊಂಡರು.

"ಎಲ್ಲಿಯ ಸೊಂಟ ಮಾರಾಯ್ತಿ? ಹಲಸಿನಕಾಯಿಗೆ ಬಾಲ ಬಂದ ಹಾಗೆ ಉಂಟು."

"ಅತ್ತೆ, ಇನ್ನು ಮೇಲೆ ಇವನಿಗೆ ಬಟ್ಟಲಿನ ಊಟ ಬಿಟ್ಟು ಬೇರೆ ಎಂತದೂ ಇಲ್ಲ. ಯಾರೂ ಕೊಡಬಾರದು."

"ನನ್ನತ್ರ ಯಾಕೆ ಹೇಳ್ತಿ? ನಾನು ಕೊಡ್ತೇನಾ? ನಾಯಿಗೆ ಸೊಂಟ ಇಲ್ಲಾಂತ ಅಳ್ತಿಯಲ್ಲ, ನಿನ್ನದು ಎಲ್ಲಿ ಉಂಟೂಂತ ಒಮ್ಮೆ ನೋಡಿಕೋ."

ಮರುದಿನದಿಂದ ಹೊರುವ ಕೆಲಸ ಶುರುವಾಯಿತು. ನಮ್ಮದು ಎತ್ತರದ ಪಂಚಾಂಗದ ಮೇಲೆ ಕಟ್ಟಿದ ಹಳೆಯ ಮನೆ. ಯಾವ ಬಾಗಿಲಿನಿಂದ ಹೊರಗೆ ಹೋಗುವುದಾದರೂ ಮೆಟ್ಟಿಲಿಳಿಯಬೇಕು. ಕೈಸರನಿಗೆ ಮೂತ್ರಕ್ಕೆ ಹೋಗಬೇಕಾದರೆ ನಾನು ಹೊತ್ತು ಇಳಿಸಬೇಕು. ಇಳಿದ ಮೇಲೆ ಅವನಿಗೆ ಮೂತ್ರ ಬರುವುದಿಲ್ಲ, ಕಾಗೆ ನೋಡಬೇಕು. ಹೊತ್ತು ಹತ್ತಿಸಿ, ಸಾರಿಗೆ ಒಗ್ಗರಣೆ ಇಟ್ಟ ಕೂಡಲೇ ಮೂತ್ರ ಬರುತ್ತದೆ. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುವ ಮಗಳು ಗಾನವಿ ಶನಿವಾರ ಮನೆಗೆ ಬಂದವಳು ನನ್ನ ಸರ್ಕಸ್ಸು ನೋಡಿ, "ಅಮ್ಮ, ಎತ್ತುವಾಗ ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ," ಎಂದಳು.

"ಒಲೆಯಲ್ಲಿ ಸಾಸಿವೆ ಸಿಡೀತಾ ಇರುವಾಗ ಯಾವುದು ಮೊಣಕಾಲು, ಯಾವುದು ಬೆನ್ನು ಅಂತ ಗೊತ್ತಾಗೂದಿಲ್ಲ ಮಗಾ."

ಅದನ್ನು ಕೇಳಿಸಿಕೊಂಡ ನಮ್ಮವರಿಗೆ ಜ್ಞಾನೋದಯವಾಯಿತು. "ನಾನೊಂದು ರ‍್ಯಾಂಪ್ ಮಾಡ್ತೇನೆ," ಎಂದರು. ಎರಡು ಭಾನುವಾರ ಗರಗಸ, ಸುತ್ತಿಗೆ, ಕೋನಮಾಪಕ. (ಅಷ್ಟೂ ಹೊತ್ತು ಚಹಾ.) ಮೂಡಿಬಂತು ಜಗಲಿಯಿಂದ ಅಂಗಳಕ್ಕೆ ಒಂದು ಭವ್ಯ ಇಳಿಜಾರು, ಬದಿಗೆ ಹಿಡಿದುಕೊಳ್ಳಲು ಕಂಬಿ ಬೇರೆ. ನಾಯಿಗೆ ಕಂಬಿ ಯಾಕೆಂದು ಕೇಳಿದ್ದಕ್ಕೆ, "ಡಿಸೈನ್ ಅಂದ್ರೆ ಪೂರ್ತಿ ಇರಬೇಕು," ಎಂಬ ಉತ್ತರ ಬಂತು. ಹಲಗೆಗೆ ಹೊಳಪಿನ ಪಾಲಿಶ್ ಕೊಟ್ಟಿದ್ದರು. ಕೈಸರ್ ಒಂದು ಕಾಲಿಟ್ಟ, ಅದು ಜಾರಿತು. ತೆಗೆದ. ರ‍್ಯಾಂಪನ್ನೊಮ್ಮೆ, ನಮ್ಮವರನ್ನೊಮ್ಮೆ ನೋಡಿದ. ನಂತರ ಬಂದು ನನ್ನೆದುರು ಕೂತು, ಎತ್ತಿಕೋ ಎಂಬ ಹಾಗೆ ಮುಂಗಾಲು ಎತ್ತಿದ.

"ಅದಕ್ಕೆ ಬುದ್ಧಿ ಇಲ್ಲ," ಎಂದರು ನಮ್ಮವರು. ನಾನು ಹೊರುವುದನ್ನು ಮುಂದುವರಿಸಿದೆ.

ಇಷ್ಟೆಲ್ಲ ಮಾಡಿಯೂ, ಅಳೆದು ಅಳೆದು ಊಟ ಹಾಕಿಯೂ, ಮುಂದಿನ ಸಲ ಕಾಪುವಿಗೆ ಹೋದಾಗ ತಕ್ಕಡಿಯ ಮುಳ್ಳು ಮೊದಲಿಗಿಂತ ಮುಂದೆ ಹೋಯಿತು. ಸಹಾಯಕಿ ಮತ್ತೆ ಕೂಗಿದಳು. ಡಾಕ್ಟರು ಕಳೆದು ನೋಡಿದರು, ಮತ್ತೊಮ್ಮೆ ಕಳೆದು ನೋಡಿದರು.

"ಅಕ್ಕ, ನಾಯಿಯೂ ಜಾಸ್ತಿ ಆಗಿದೆ." ಆ 'ಯೂ' ಎಂಬುದನ್ನು ನಾನು ಕೇಳದವಳಂತೆ ನಿಂತೆ. "ಮನೆಯಲ್ಲಿ ಯಾರೋ ಕೊಡ್ತಾ ಇದ್ದಾರೆ."

"ನಾನು ಬಟ್ಟಲಿಗೆ ಹಾಕಿದ್ದು ಬಿಟ್ಟು ಎಂತದೂ ಇಲ್ಲ ಡಾಕ್ಟ್ರೇ."

"ನೀವಲ್ಲ. ಯಾರೋ. ಹುಡುಕಿ. ನನಗೆ ಇವನ ಬೆನ್ನಿನ ಹೆದರಿಕೆ ಉಂಟು."

ದಾರಿಯಲ್ಲಿ ಕೈಸರ್ ನನ್ನ ತೊಡೆಯ ಮೇಲೆ ಮೂತಿಯಿಟ್ಟು ಮಲಗಿದ್ದ. ಪ್ರತಿ ಹೊಂಡಕ್ಕೂ ಅವನ ಬೆನ್ನಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ನಡುವೆ ಕಂಬವಿಲ್ಲದ ಸಂಕ. ಯಾರೋ ನನ್ನ ಬೆನ್ನ ಹಿಂದೆ ಅದರ ಮೇಲೆ ಕಲ್ಲು ಹೇರುತ್ತಿದ್ದಾರೆ. ಯಾರು?

ಮೊದಲ ಅನುಮಾನ ಪಕ್ಕದ ಮನೆಯ ಬೆನೆಡಿಕ್ಟಾ ಬಾಯಿಯ ಮೇಲೆ. ಅವರ ಮನೆಯಲ್ಲಿ ಬಂಗುಡೆ ಹುರಿಯುವಾಗ ಕೈಸರ್ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುವುದನ್ನು ನಾನು ಕಂಡಿದ್ದೆ. ಕಂಪೌಂಡಿನ ಹತ್ತಿರ ನಿಂತು, ಬಸಳೆ ಕೇಳುವ ನೆಪದಲ್ಲಿ ವಿಷಯ ತೆಗೆದೆ.

"ಅಯ್ಯೋ ನಳಿನಕ್ಕಾ! ನಿಮ್ಮ ನಾಯಿಗೆ ನಾನು ಮೀನು ಹಾಕಿದ್ರೆ ನಿಮ್ಮ ಅತ್ತೆ ನನ್ನನ್ನು ಈ ಊರಲ್ಲಿ ಇರಲಿಕ್ಕೆ ಬಿಡ್ತಾರಾ? ನಿಮ್ಮ ಮನೆಯಲ್ಲೇ ನೋಡಿ. ಬೆಳಿಗ್ಗೆ ನಿಮ್ಮ ಅಡುಗೆಮನೆ ಕಿಟಕಿಯಿಂದ ನನಗೆ ಕಾಣ್ತದೆ, ಬಾಲ ಫ್ಯಾನಿನ ಹಾಗೆ ತಿರುಗ್ತಾ ಇರ್ತದೆ. ಸುಮ್ಮನೆ ತಿರುಗ್ತದಾ?"

"ಅದು ನನ್ನ ಮೇಲಿನ ಪ್ರೀತಿಗೆ ಬಾಯೀ," ಎಂದೆ ಹೆಮ್ಮೆಯಿಂದ. ಅವರು ಏನೋ ಹೇಳಲು ಬಾಯಿ ತೆರೆದು, ಬಸಳೆ ಕೊಟ್ಟು ಒಳಗೆ ಹೋದರು.

ಹೊರಗಿನವರಲ್ಲ ಎಂದ ಮೇಲೆ ಒಳಗಿನವರೇ. ಸಂಜೆ ದೇವರಿಗೆ ದೀಪವಿಡುವ ಹೊತ್ತಿಗೆ ಎಲ್ಲರನ್ನೂ ಕರೆದು ತನಿಖಾ ಆಯೋಗದ ಮಹಾಸಭೆ ನಡೆಸಿದೆ. ಅಧ್ಯಕ್ಷೆ ನಾನೇ, ಸರಕಾರಿ ವಕೀಲೆಯೂ ನಾನೇ. ನಡುನಡುವೆ ಹಾಲು ಉಕ್ಕದಂತೆ ನೋಡಿ ಬರುವವಳೂ ನಾನೇ.

"ಈ ಮನೆಯಲ್ಲಿ ಯಾರೋ ನಾಯಿಗೆ ಕೊಡ್ತಾ ಇದ್ದಾರೆ. ಯಾರೂಂತ ಹೇಳಿಬಿಡಿ."

"ಓಹೋ, ನನ್ನ ಮೇಲೆ ಸಂಶಯವಾ!" ಅತ್ತೆ ಸೊಂಟ ನೋವನ್ನೂ ಮರೆತು ಎದ್ದು ನಿಂತರು. "ಈ ವಯಸ್ಸಲ್ಲಿ ನಾನು ಕಳ್ಳಿ ಅನ್ನಿಸಿಕೊಳ್ಳಬೇಕಾ? ಬಾ, ದೀಪದ ಮುಂದೆ ಆಣೆ ಹಾಕುವ. ಎಲ್ಲರೂ ಹಾಕುವ. ಸುಳ್ಳು ಹೇಳಿದವರು ದೇವಸ್ಥಾನಕ್ಕೆ ತಪ್ಪುಕಾಣಿಕೆ ಹಾಕಿ, ಭಟ್ಟರ ಬಾಯಲ್ಲಿ ಹತ್ತು ಜನರೆದುರು ಪ್ರಾರ್ಥನೆ ಮಾಡಿಸಬೇಕು. ಆಗ್ತದಾ?"

ಆಣೆ ಎಂದ ಕೂಡಲೇ ನಮ್ಮವರ ಮುಖದ ಬಣ್ಣ ಬದಲಾಯಿತು. ನಮ್ಮ ಕಡೆ ಪೊಲೀಸರ ಮುಂದೆ ಸುಳ್ಳು ಹೇಳಿಯಾರು, ದೀಪದ ಮುಂದೆ ಹೇಳುವ ಧೈರ್ಯ ಯಾರಿಗೂ ಇಲ್ಲ.

"ಒಂದು ನಿಮಿಷ. ಆಣೆಗೆ ಮೊದಲೇ ಹೇಳ್ತೇನೆ. ಮೊನ್ನೆ ಸಂಜೆ ಒಂದು ಗೋಳಿಬಜೆ ಕೈಜಾರಿ ಬಿತ್ತು."

"ಎಷ್ಟು ಸಂಜೆ ಬಿತ್ತು?"

"ಬೀಳ್ತಾ ಇರ್ತದೆ," ಎಂದರು ತಗ್ಗಿದ ದನಿಯಲ್ಲಿ. "ಅದು ಊಟ ಅಲ್ಲ ಮಾರಾಯ್ತಿ, ಚಹಾದ ಒಟ್ಟಿಗಿನದ್ದು."

ಈಗ ಅತ್ತೆ ದೀಪದ ಬತ್ತಿಯನ್ನು ಸರಿಮಾಡತೊಡಗಿದರು. ಸರಿಯಾಗಿದ್ದ ಬತ್ತಿ.

"ನಾನು ತಿಂಡಿ ಅಂತ ಕೊಟ್ಟದ್ದಿಲ್ಲ. ಪಂಚಕಜ್ಜಾಯ ಒಂದು ಚಿಟಿಕೆ. ಅದು ತಿಂಡಿಯಾ? ಪ್ರಸಾದ! ಪ್ರಸಾದ ಕೇಳಿದ ಪ್ರಾಣಿಗೆ ಇಲ್ಲ ಅನ್ನಲಿಕ್ಕುಂಟಾ?"

ನನಗೆ ಬಂದ ಸಿಟ್ಟು ನೋಡಬೇಕಿತ್ತು. ಆ ಕೂಗು, ಆ ಎಳೆದುಕೊಂಡು ಬಂದ ಹಿಂಗಾಲು ಕಣ್ಣೆದುರು ನಿಂತಿತು. "ಚಹಾದ ಒಟ್ಟಿಗೆ ಆದ್ರೂ, ದೇವರ ಒಟ್ಟಿಗೆ ಆದ್ರೂ, ಹೋಗುವುದು ಹೊಟ್ಟೆಗೇ! ಬಾಯಿಗೆ ಹೋದದ್ದೆಲ್ಲ ಊಟವೇ! ನೀವು ಅದಕ್ಕೆ ಬೇರೆ ಹೆಸರಿಟ್ರೆ ಅವನ ಬೆನ್ನು ಕೇಳ್ತದಾ?"

ಇಂಥ ಭಾಷಣ ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಇಬ್ಬರೂ ತಲೆ ತಗ್ಗಿಸಿದರು. ನಾನು ತಲೆಯೆತ್ತಿ, ದೀಪದ ಮುಂದೆ ಕೈಮುಗಿದು, ಬೀದಿಗೆ ಕೇಳುವಂತೆ ಹೇಳಿದೆ: "ಬಟ್ಟಲಿನ ಊಟ ಬಿಟ್ಟು ನಾನು ನನ್ನ ಕೈಯಾರೆ ಈ ನಾಯಿಗೆ ಒಂದು ಅಗುಳೂ ಕೊಟ್ಟವಳಲ್ಲ. ದೇವರಾಣೆ." ದೀಪ ಒಂದಿಷ್ಟೂ ಅಲುಗಲಿಲ್ಲ.

ಗೋಳಿಬಜೆ ನಿಂತಿತು, ಪಂಚಕಜ್ಜಾಯ ನಿಂತಿತು. ನಾನು ದಿನವೂ ಪಕ್ಕೆಲುಬು ಹುಡುಕಿದೆ. ಬಿಗಿದು ಕಟ್ಟಿದ ಅಕ್ಕಿಮುಡಿಯ ಮೇಲೆ ಕೈಯಾಡಿಸಿದ ಹಾಗಾಗುತ್ತಿತ್ತು. ಗಾಬರಿಯಿಂದ ಅವನನ್ನು ಇನ್ನಷ್ಟು ಎಚ್ಚರದಲ್ಲಿ ಎತ್ತಿದೆ, ಇನ್ನಷ್ಟು ಸಲ ಎತ್ತಿದೆ. ಹಾಗೆ ಎತ್ತುವಾಗಲೇ ಒಂದು ಬೆಳಿಗ್ಗೆ ಹಿತ್ತಿಲಿನ ಮೆಟ್ಟಿಲಲ್ಲಿ ನನ್ನ ಬೆನ್ನೊಳಗೆ ಏನೋ ಛಟ್ಟೆಂದಿತು. ಕೈಸರನನ್ನು ಮೆಲ್ಲಗೆ ಕೆಳಗಿಟ್ಟೆ. (ಎದೆಯ ಕೆಳಗೊಂದು ಕೈ, ಹಿಂದೊಂದು ಕೈ.) ನಂತರ ನಾನು ಕೂಗಿದೆ.

ಉಡುಪಿಯ ಡಾಕ್ಟರು ಹೇಳಿದ್ದನ್ನು ನಾನು ಮೊದಲೇ ಕೇಳಿದ್ದೆ. ಭಾರ ಎತ್ತಬಾರದು. ಮೆಟ್ಟಿಲು ಹತ್ತಿ ಇಳಿಯಬಾರದು. ತೂಕ ಇಳೀಬೇಕು. ಕಾರ್ಲ್ಟನ್ ಡಾಕ್ಟರು ಇನ್ನೂ ಸ್ವಲ್ಪ ಮರ್ಯಾದೆಯಿಂದ ಹೇಳಿದ್ದರು. "ನಾನೆಂತ ತಿನ್ನುತ್ತೇನೆ ಡಾಕ್ಟ್ರೇ?" ಎಂದೆ ಕಣ್ಣೀರು ತುಂಬಿಕೊಂಡು. "ಬೆಳಿಗ್ಗೆ ಒಂದು ಇಡೀ ದೋಸೆ ಕೂತು ತಿನ್ನಲಿಕ್ಕೆ ನನಗೆ ಸಮಯ ಇಲ್ಲ."

ಮಲಗಿದೆ. ಮನೆ ನಡೆಯಿತು, ನನ್ನನ್ನು ಕೇಳಿ ಕೇಳಿ ನಡೆಯಿತು. "ಉಪ್ಪು ಎಲ್ಲಿ ಉಂಟು?" "ಉಪ್ಪಿನ ಭರಣಿಯಲ್ಲಿ." "ಭರಣಿ ಎಲ್ಲಿ ಉಂಟು?" ಬೆಳಿಗ್ಗೆಗೆ ಅವಲಕ್ಕಿ, ಇಲ್ಲವಾದರೆ ಪೇಟೆಯ ಬನ್ಸ್. ನಾಯಿಯನ್ನು ಹೊರುವ ಕೆಲಸ ನಮ್ಮವರ ಪಾಲಿಗೆ ಬಂತು. ನಾನು ಅಷ್ಟು ಕಾಲ ಹೊತ್ತಾಗ ನಾಯಿಗೆ ಬುದ್ಧಿ ಇರಲಿಲ್ಲ. ಇವರು ಎರಡು ದಿನ ಹೊತ್ತಾಗ ರ‍್ಯಾಂಪಿನಲ್ಲೇ ದೋಷವುಂಟೆಂದು ಗೊತ್ತಾಯಿತು. ಸಂಜೆಯೊಳಗೆ ಹಲಗೆಯ ಮೇಲೆ ತೆಂಗಿನ ನಾರಿನ ಮ್ಯಾಟು ಬಂತು. ಕೈಸರ್ ಠೀವಿಯಿಂದ ಹತ್ತಿದ, ಇಳಿದ. "ನೋಡಿದ್ಯಾ, ಎಷ್ಟು ಸಣ್ಣ ವಿಷಯ!" ಎಂದರು. ನನ್ನಿಂದ ಎದ್ದು ಕೂರಲು ಆಗುತ್ತಿರಲಿಲ್ಲ. ಅದು ಅವರ ಪುಣ್ಯ.

ನಾನು ಮಲಗಿ ಮೂರನೆಯ ವಾರದ ಶನಿವಾರ ಗಾನವಿ ಬಂದವಳು ಚಾವಡಿಯಿಂದ ಕಿರುಚಿದಳು. "ಅಮ್ಮಾ! ಪಕ್ಕೆಲುಬು ಸಿಕ್ತು!"

ನಂಬಲಾರದೆ ಅವನನ್ನು ಹಾಸಿಗೆಯ ಪಕ್ಕಕ್ಕೆ ಕರೆಸಿಕೊಂಡೆ. ಸತ್ಯ. ಬೆರಳಿಗೆ ಸಾಲಾಗಿ ಸಿಕ್ಕವು. ಮೇಲಿಂದ ನೋಡಿದರೆ, ತೀರ ಸೊಂಟವೆಂದು ಹೇಳಲಾಗದಿದ್ದರೂ, ಸೊಂಟ ಬರಬೇಕಾದ ಜಾಗ ಗೊತ್ತಾಗುತ್ತಿತ್ತು. ನನಗೆ ಅಳು ಬಂತು. ಸಂತೋಷದ್ದೇ, ಆದರೆ ಪೂರ್ತಿ ಸಂತೋಷದ್ದಲ್ಲ.

"ನಾನು ನೋಡಿಕೊಂಡದ್ದರ ಫಲ," ಎಂದರು ನಮ್ಮವರು.

ನಾನಿಲ್ಲದಾಗ ಇಳಿದ ತೂಕ ನಾನಿದ್ದಾಗ ಯಾಕೆ ಇಳಿಯಲಿಲ್ಲ? ನನ್ನ ಆರೈಕೆಯಲ್ಲಿ ಏನು ಕಡಿಮೆಯಾಗಿತ್ತು? ಮಾಡಿನ ಹಂಚು ನೋಡುತ್ತ ಅದನ್ನೇ ಯೋಚಿಸಿದೆ. ಉತ್ತರ ಮರುದಿನ ಬೆಳಿಗ್ಗೆ, ತಟ್ಟೆಯಲ್ಲಿ ಬಂತು.

ಭಾನುವಾರ ತಾವೇ ದೋಸೆ ಹೊಯ್ಯುವುದಾಗಿ ನಮ್ಮವರು ಘೋಷಿಸಿದ್ದರು. ಹಿಟ್ಟು ರುಬ್ಬಿದವಳು ಗಾನವಿ, ಹುದುಗಿದೆಯೋ ಎಂದು ನೋಡಿದವರು ಅತ್ತೆ. ದೋಸೆ ಮಾತ್ರ ಅವರದು. ಕಾವಲಿಗೆ ಎಣ್ಣೆ ಸವರಲು ಮಟ್ಟುಗುಳ್ಳ ಬದನೆಯ ತೊಟ್ಟು ಬೇಕೆಂಬುದು ಗೊತ್ತಿಲ್ಲದೆ ಎಣ್ಣೆಯನ್ನು ಬಾಟಲಿಯಿಂದಲೇ ಸುರಿಯುತ್ತಿದ್ದಾರೆಂದು ಸದ್ದಿನಿಂದಲೇ ತಿಳಿಯಿತು. ಸ್ವಲ್ಪ ಹೊತ್ತಿಗೆ ಸಟ್ಟುಗದಿಂದ ಕೆರೆಯುವ ಶಬ್ದ. ನಂತರ ಅವರೇ ತಟ್ಟೆ ಹಿಡಿದುಕೊಂಡು ಬಂದರು, ಮುಖವೆಲ್ಲ ಪ್ರೀತಿ. ಹಿಂದೆ ಅತ್ತೆ, ಗಾನವಿ.

ತಟ್ಟೆಯಲ್ಲಿ ಹರಿದು ಚಿಂದಿಯಾದ, ಅರ್ಧ ಸೀದು ಅರ್ಧ ಹಸಿಯಾದ ಮೊದಲ ದೋಸೆ.

"ತಕೋ. ಬೇರೆ ಯಾರಿಗೂ ಕೊಡಲಿಲ್ಲ, ನಿನಗೇಂತ ತಂದೆ. ನಿನಗೆ ಮೊದಲನೆಯದ್ದೇ ಇಷ್ಟ ಅಲ್ವಾ?"

ಮದುವೆಯಾಗಿ ಬಂದಲ್ಲಿಂದ ಕಾವಲಿಯಿಂದ ಏಳದ ಮೊದಲ ದೋಸೆಯನ್ನು ನಾನು ಒಲೆಯ ಪಕ್ಕ ನಿಂತು ಬಾಯಿಗೆ ಹಾಕಿಕೊಂಡಿದ್ದೇನೆ. ಅದನ್ನು ತಟ್ಟೆಗೆ ಹಾಕಿ ಯಾರಿಗೂ ಕೊಡುವ ಹಾಗಿಲ್ಲ, ಬಿಸಾಡಲು ಮನಸ್ಸಿಲ್ಲ. ಅದು ದೋಸೆಯಲ್ಲ, ಕಾವಲಿಯ ಪರೀಕ್ಷೆ. ಇವರು ಇಷ್ಟು ವರ್ಷ ಅದು ನನ್ನ ಇಷ್ಟದ ತಿಂಡಿಯೆಂದು ತಿಳಿದಿದ್ದರು! ನಗಬೇಕೋ ಅಳಬೇಕೋ ತಿಳಿಯದೆ ತಟ್ಟೆ ತೆಗೆದುಕೊಂಡೆ.

ಟಪಟಪ ಎಂದು ಉಗುರಿನ ಸದ್ದು. ರ‍್ಯಾಂಪನ್ನು ಓಡಿ ಹತ್ತಿ, ಚಾವಡಿ ದಾಟಿ ಬಂದ ಕೈಸರ್ ನನ್ನ ಮಂಚದ ಪಕ್ಕ, ಬಲಗೈಯ ಕೆಳಗೆ ಸರಿಯಾಗಿ ಕೂತ. ಬಾಲ ಫ್ಯಾನಿನ ಹಾಗೆ ತಿರುಗಿತು. ಬಾಯಿ ತೆರೆದ. ನನ್ನ ಎಡಗೈ ತಟ್ಟೆ ಹಿಡಿದಿತ್ತು. ನನ್ನ ಬಲಗೈ, ದೇವರಾಣೆಗೂ ನನ್ನನ್ನು ಕೇಳದೆ, ದೋಸೆಯಲ್ಲಿ ಅರ್ಧ ಹರಿದು, ಒಂದು ಮಡಚು ಮಡಚಿ, ಕೆಳಗೆ ಹೋಯಿತು.

ಚಪ್ಪರಿಸಿದ ಸದ್ದು ಇಡೀ ಕೋಣೆಗೆ ಕೇಳಿಸಿತು.

ನನ್ನ ಕೈ ಕೆಳಗೇ ಇತ್ತು. ಕೈಸರ್ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ ಸಾಕ್ಷ್ಯವನ್ನು ಪೂರ್ತಿಗೊಳಿಸಿದ.

"ನಳಿನಾಕ್ಷೀ," ಎಂದರು ಅತ್ತೆ ನಿಧಾನವಾಗಿ. "ದಿನಾ ಕೊಡ್ತಿಯಾ?"

"ಅದು... ಅತ್ತೆ, ಅದು ದೋಸೆ ಅಲ್ಲ. ಮೊದಲ ದೋಸೆ!"

"ಬಾಯಿಗೆ ಹೋದದ್ದೆಲ್ಲ ಊಟವೇ," ಎಂದರು ನಮ್ಮವರು, ನನ್ನದೇ ಭಾಷಣದ ಗತ್ತಿನಲ್ಲಿ. "ಬೇರೆ ಹೆಸರಿಟ್ರೆ ಅವನ ಬೆನ್ನು ಕೇಳ್ತದಾ?"

"ಮೊದಲನೆಯದು ಮಾತ್ರವಾ ಅಮ್ಮ?" ಗಾನವಿ ಮಂಚದ ಮೇಲೆ ಕೂತಳು. "ಎರಡನೆಯದೂ ಏಳದಿದ್ರೆ? ಕಾಯಿ ತುರಿಯುವಾಗ ಗಡಿಯಲ್ಲಿ ಉಳಿದದ್ದು? ಪಾತ್ರೆಯ ತಳದ ಪಾಯಸ?"

"ಅದೆಲ್ಲ ತಿನ್ನುವುದಾ ಮಗಾ? ಅದು... ಮುಗಿಸುವುದು. ನಿಂತಲ್ಲೇ."

"ಅರ್ಧ ಅವನು ಮುಗಿಸ್ತಾನೆ, ಅರ್ಧ ನೀನು ಮುಗಿಸ್ತಿ. ತಟ್ಟೆಯಲ್ಲಿ ಹಾಕಿ ಕೂತು ತಿಂದದ್ದು ಮಾತ್ರ ನಿನ್ನ ಲೆಕ್ಕಕ್ಕೆ ಬರೂದು. ನೀನು ಕೂರುವುದೇ ಇಲ್ಲವಲ್ಲ ಅಮ್ಮ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅವಳು ಕೈಸರನ ಬೆನ್ನ ಮೇಲೆ ಒಂದು ಕೈಯನ್ನೂ ನನ್ನ ಬೆನ್ನ ಮೇಲೆ ಒಂದು ಕೈಯನ್ನೂ ಇಟ್ಟಳು. "ಎರಡೂ ಸಂಕವೇ."

ನಾನು ಕೈಸರನನ್ನು ನೋಡಿದೆ. ಅವನ ಬೆನ್ನಿನ ಮೇಲೆ ಕಲ್ಲು ಹೇರಿದ ಕೈ ನನ್ನದೇ. ಪ್ರೀತಿಯೆಂದು ಕೊಟ್ಟದ್ದೂ ಅಲ್ಲ. ನನಗೇ ಬೇಡವಾದದ್ದು ಅವನಿಗೂ ಸಾಕೆಂದು ಕೊಟ್ಟದ್ದು. ಒಂದು ಗಳಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಅದೆಲ್ಲ ಇರಲಿ," ಅತ್ತೆ ಕನ್ನಡಕ ತೆಗೆದು ಒರೆಸಿದರು. "ತಪ್ಪುಕಾಣಿಕೆ ಯಾವಾಗ ಹಾಕುವುದು?"

ನಡೆಯುವ ಹಾಗಾದ ಮೇಲೆ ನನ್ನನ್ನು ದೇವಸ್ಥಾನಕ್ಕೆ ಕರೆದೊಯ್ದರು. ಮೆಟ್ಟಿಲು ಇಳಿಯಬಾರದಿತ್ತಲ್ಲ, ಮನೆಯಿಂದ ರ‍್ಯಾಂಪಿನಲ್ಲಿ ಇಳಿಸಿದರು. ಮುಂದೆ ಕೈಸರ್, ಹಿಂದೆ ಕಂಬಿ ಹಿಡಿದ ನಾನು. "ಡಿಸೈನ್ ಪೂರ್ತಿ ಇರಬೇಕು ಅಂದಿದ್ದೆ," ಎಂದರು ನಮ್ಮವರು. ಊರವರೆಲ್ಲ ಸೇರುವ ಶುಕ್ರವಾರವೇ ಆಗಬೇಕೆಂದು ಅತ್ತೆಯ ಹಟ. ಭಟ್ಟರು ನನ್ನ ಅಪರಾಧವನ್ನು ಕಿವಿಯಲ್ಲಿ ಕೇಳಿಕೊಂಡು, ಕ್ಷಣ ತಡೆದು, ಕಣ್ಣು ಮುಚ್ಚಿ ಗರ್ಭಗುಡಿ ಗುಂಯ್‌ಗುಡುವಂತೆ ಪ್ರಾರ್ಥಿಸಿದರು: "ಹೇ ಸ್ವಾಮೀ, ನಿನ್ನ ಸೇವಕಿಯಾದ ನಳಿನಾಕ್ಷಿಯು ಶ್ವಾನಕ್ಕೆ ಮೊದಲನೆಯ ದೋಸೆಯನ್ನು ಕೊಟ್ಟು, ಕೊಡಲಿಲ್ಲವೆಂದು ದೀಪದ ಮುಂದೆ ಆಡಿದ ಮಾತಿನಲ್ಲಿ ಅರಿತೋ ಅರಿಯದೆಯೋ ಬಂದ ದೋಷವನ್ನು ಹೊಟ್ಟೆಗೆ ಹಾಕಿಕೊಂಡು..." ದೇವರ ಹೊಟ್ಟೆಗೂ ಅದೇ ಹೋಯಿತಲ್ಲ ಎಂದುಕೊಂಡೆ. ಹಿಂದಿನಿಂದ ಯಾರೋ ನಕ್ಕರು. ಇನ್ನು ಮೇಲೆ ಮೊದಲ ದೋಸೆಯನ್ನು ನಾಯಿಗೆ ಕೊಡುವುದಿಲ್ಲ, ನಾನೂ ತಿನ್ನುವುದಿಲ್ಲ ಎಂದು ಅಲ್ಲಿಯೇ ಕೈಮುಗಿದು ಹೇಳಿ ಬಂದೆ.

ಮನಸ್ಸಿನಲ್ಲಿ ಇನ್ನೊಂದು ಸಂಕಲ್ಪವನ್ನೂ ಮಾಡಿದ್ದೆ. ಇನ್ನು ಆ ಹರಿದ ದೋಸೆ ಇವರ ತಟ್ಟೆಗೆ! ಸೀದದ್ದು, ಹಸಿಯಾದದ್ದು, ಚಿಂದಿಯಾದದ್ದು, ಹಾಗೆಯೇ. ಇಷ್ಟು ವರ್ಷ ನಾನು ತಿಂದದ್ದು ಏನೆಂದು ಒಮ್ಮೆ ಗೊತ್ತಾಗಲಿ.

ಕೈಸರ್ ಈಗ ಹತ್ತು ಕಿಲೋ. ಕಾರ್ಲ್ಟನ್ ಡಾಕ್ಟರು ಸೊಂಟ ನೋಡಿ, "ಸಂಕ ಗಟ್ಟಿಯಾಗ್ತಾ ಉಂಟು, ಇನ್ನೂ ಒಂದು ಕಿಲೋ," ಎಂದಿದ್ದಾರೆ. ಅವನಿಗೀಗ ದೋಸೆಯ ಹೊತ್ತಿಗೆ ಮುಳ್ಳುಸೌತೆಯ ತುಂಡು. ಅದನ್ನವನು ಸ್ವಲ್ಪ ಹೊತ್ತು ನೋಡಿ, ನನ್ನ ಮುಖ ನೋಡಿ, ವೈರಾಗ್ಯದಿಂದ ಜಗಿಯುತ್ತಾನೆ.

ಇವತ್ತು ಬೆಳಿಗ್ಗೆ ನಾನು ಒಲೆಯ ಮುಂದೆ ಮರಳಿ ನಿಂತೆ. ಚಾವಡಿಯಲ್ಲಿ ನಮ್ಮವರು ತಟ್ಟೆ ಮುಂದಿಟ್ಟು ಕೂತಿದ್ದರು. ಕಾವಲಿ ಕಾಯಿತು. ಮೊದಲ ಸೌಟು ಹೊಯ್ದು, ಇವರ ಮುಖ ಹೇಗಾಗುತ್ತದೆಂದು ಒಳಗೊಳಗೇ ನಗುತ್ತ, ಸಟ್ಟುಗ ಹಾಕಿದೆ.

ಎದ್ದಿತು.

ಅಂಚಿನಿಂದ ಅಂಚಿಗೆ, ಹುಣ್ಣಿಮೆಯ ಚಂದ್ರನ ಹಾಗೆ, ಹೊಂಬಣ್ಣದ ಗರಿಗರಿ ದೋಸೆ. ನನ್ನ ಸಂಸಾರದಲ್ಲಿ ಇಂಥ ಮೊದಲ ದೋಸೆಯನ್ನು ನಾನು ಕಂಡದ್ದಿಲ್ಲ. ನಾನು ಮಲಗಿದ್ದಾಗ ಇವರು ಭಾನುವಾರ ಭಾನುವಾರ ಸುರಿದ ಎಣ್ಣೆಯನ್ನೆಲ್ಲ ಕುಡಿದು ಕುಡಿದು ಕಾವಲಿ ಪಳಗಿಹೋಗಿತ್ತು. ಬೇರೆ ದಾರಿಯಿಲ್ಲದೆ ತಟ್ಟೆಗೆ ಹಾಕಿದೆ.

"ಆಹಾ!" ಎಂದರು ನಮ್ಮವರು. "ಕಾವಲಿಗೆ ಒಂದು ಗಂಡಸಿನ ಕೈ ಬಿದ್ರೆ ನೋಡು."

ಸಿಟ್ಟಿನಲ್ಲಿ ಒಳಗೆ ಬಂದು ಉರಿಯನ್ನೂ ನೋಡದೆ ಎರಡನೆಯದನ್ನು ಹೊಯ್ದೆ. ಕಾವಲಿ ಅತಿಯಾಗಿ ಕಾದಿತ್ತು. ನಡುವಿಗೆ ಹರಿಯಿತು, ಒಂದು ಬದಿ ಸೀಯಿತು, ಉಳಿದದ್ದು ಸಟ್ಟುಗಕ್ಕೆ ಅಂಟಿತು. ಕೈಸರ್ ಹಿಂಗಾಲುಗಳನ್ನು ಹೊಸ್ತಿಲಿನ ಆಚೆಗಿಟ್ಟು, ಮೂತಿಯನ್ನು ನನ್ನ ಕಾಲಿನ ಬುಡದಲ್ಲಿಟ್ಟು, ಕಣ್ಣೆತ್ತಿ ನೋಡುತ್ತಿದ್ದ. ಅವನಿಗೆ ಮುಳ್ಳುಸೌತೆ ಕೊಟ್ಟೆ. ಮತ್ತೆ ಕಾವಲಿಯನ್ನು ನೋಡಿದೆ. ದೇವರ ಮುಂದೆ ನಾನು ಆಡಿದ್ದು ಮೊದಲ ದೋಸೆಯ ಮಾತು. ಎರಡನೆಯದರ ಬಗ್ಗೆ ಭಟ್ಟರೂ ಏನೂ ಹೇಳಿರಲಿಲ್ಲ.

ಬಿಸಿ ನೋಡದೆ ಅಷ್ಟನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಅವನ ಪಾಲಿನ ಅರ್ಧವನ್ನೂ ಸೇರಿಸಿ.

"ನಳಿನಾಕ್ಷೀ," ಚಾವಡಿಯಿಂದ ಅತ್ತೆಯ ದನಿ ಬಂತು. "ಎಂತ ತಿಂತಾ ಇದ್ದಿ?"

"ಎಂತ ಇಲ್ಲ ಅತ್ತೆ," ಎಂದೆ, ಬಾಯಿ ತುಂಬ.